ಕಟ್ಟೆಯ ಮೇಲಿನ ಮುದ್ದೆ

ಅಡುಗೆಮನೆಯ ಗ್ರಾನೈಟ್ ಕಟ್ಟೆ ಸಿಂಕಿನ ಪಕ್ಕ ಬಿರುಕು ಬಿಟ್ಟಿತ್ತು. ಒಲೆಯ ಸುತ್ತಲಿನ ಕಲ್ಲು ಎಣ್ಣೆ ಕುಡಿದು ಮಂಕಾಗಿತ್ತು. ಪಿರಿಯಾಪಟ್ಟಣದಲ್ಲಿ ಇಂಥ ಕೆಲಸ ಮಾಡುವವರು ಸಿಗಲಿಲ್ಲವೆಂದು ನಾನೇ ಹುಣಸೂರಿನಿಂದ ಸುನೀಲ್ಕುಮಾರನನ್ನು ಕರೆಸಿದೆ. ಅತ್ತೆ ಸುನಂದಮ್ಮನವರಿಗೆ ಇದೆಲ್ಲ ದಂಡದ ಕೆಲಸ.

“ಕಲ್ಲಿಗೂ ಡಾಕ್ಟ್ರು ಬಂದ್ರಲ್ಲಪ್ಪ” ಎಂದರು ಅತ್ತೆ, ಅವನು ಮಿಷನ್ ಇಳಿಸುತ್ತಿದ್ದಂತೆ.

“ಡಾಕ್ಟ್ರಷ್ಟು ಕಾಯಿಸಲ್ಲ ಬುಡಿ ಅಮ್ಮ” ಎಂದು ಅವನು ನಕ್ಕ.

ಹೊರಗಿನವರು ಮನೆಯೊಳಗಿದ್ದರೆ ನಾನು ಕುಳಿತುಕೊಳ್ಳಲಾರೆ. ಅವನು ಬಿರುಕಿಗೆ ಅಂಟು ತುಂಬಿ, ಉಜ್ಜಿ, ಪಾಲಿಶ್ ಮಾಡುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಕೊನೆಯಲ್ಲಿ ಅವನು ಒಂದು ಡಬ್ಬದಿಂದ ತೆಳ್ಳನೆಯ ದ್ರವವನ್ನು ಬಟ್ಟೆಗೆ ಹಾಕಿಕೊಂಡು ಕಲ್ಲಿಗೆಲ್ಲ ಸವರಿದ. ಪೇಂಟಿನಂಥ ವಾಸನೆ ಮೂಗಿಗೆ ಅಡರಿತು. ಕಿಟಕಿ ತೆರೆದೆ.

“ಇದು ಸೀಲರ್ ಮೇಡಂ. ಕಲ್ಲಿನೊಳಕ್ಕೆ ಇಳೀಬೇಕು. ಆಮೇಲೆ ಎಣ್ಣೆ, ಹುಳಿ ಏನೂ ಹಿಡಿಯಲ್ಲ. ನಾಳೆ ಬಂದು ಇನ್ನೊಂದು ಕೈ ಹಾಕ್ತೀನಿ, ಡಬ್ಬ ಇಲ್ಲೇ ಇರ್ಲಿ. ಅಲ್ಲೀಗಂಟ ಕಟ್ಟೆ ಮ್ಯಾಲೆ ಪಾತ್ರೆ ಇಡ್ಬೇಡಿ.”

ಅವನು ಹೋದ ಮೇಲೆ ನಾನು ಅತ್ತೆಗೆ ಮತ್ತೊಮ್ಮೆ ಹೇಳಿದೆ. “ಪಾತ್ರೆ ಮಾತ್ರ ಇಡಬೇಡಿ ಅತ್ತೆ.”

“ನಂಗೇನ್ ಕಿವುಡಾ? ಇಡಕಿಲ್ಲ ಕಣವ್ವ.”

ಒಲೆಯನ್ನು ಹಿತ್ತಲಿಗೆ ಸಾಗಿಸಿ ಕೊಟ್ಟೆ. ಕಲ್ಲಿನ ಪುಡಿ ತಲೆಗೆಲ್ಲ ಕೂತಿತ್ತು. ಸ್ನಾನಕ್ಕೆ ಹೋದೆ.

ಹೊರಗೆ ಬಂದಾಗ ಮಗಳು ಚಿನ್ನು ಶಾಲೆಯಿಂದ ಬಂದು ನಡುಮನೆಯಲ್ಲಿ ಊಟಕ್ಕೆ ಕೂತಿದ್ದಳು. ತಟ್ಟೆಯಲ್ಲಿ ಸೊಪ್ಪಿನ ಸಾರು, ಅರ್ಧ ಮುಗಿದ ರಾಗಿ ಮುದ್ದೆ. ಮುದ್ದೆ ಎಂದಿಗಿಂತ ಹೆಚ್ಚು ಹೊಳೆಯುತ್ತಿತ್ತು.

“ಏನೇ ಅನ್ನು ಪುಷ್ಪಾ, ಕೆಲ್ಸ ಚೆನ್ನಾಗ್ ಮಾಡವ್ನೆ” ಎಂದರು ಅತ್ತೆ. “ಹಿಟ್ಟು ಒಂಚೂರೂ ಅಂಟ್ಲಿಲ್ಲ. ಬೆಣ್ಣೆ ಉಂಡೆ ಥರ ಉಳ್ಳಾಡ್ತು.”

ನನಗೆ ಆ ಕ್ಷಣಕ್ಕೆ ಅರ್ಥವಾಗಲಿಲ್ಲ. ಬೆಂದ ಹಿಟ್ಟನ್ನು ಒದ್ದೆ ಕಲ್ಲಿನ ಮೇಲೆ ಸುರಿದುಕೊಂಡು, ಅಂಗೈ ನೆನೆಸಿಕೊಂಡು ಉರುಳಿಸಿ ಮುದ್ದೆ ಕಟ್ಟುವುದು ಈ ಮನೆಯ ಪದ್ಧತಿ. ತಟ್ಟೆಯಲ್ಲಿ ಕಟ್ಟಿದರೆ ದುಂಡಗೆ ಬರುವುದಿಲ್ಲ ಎನ್ನುತ್ತಾರೆ ಅತ್ತೆ. ಮದುವೆಯಾಗಿ ಬಂದಾಗಿನಿಂದ ನಾನೂ ಹಾಗೆಯೇ ಕಟ್ಟುತ್ತಿದ್ದೇನೆ.

“ಎಲ್ಲಿ ಕಟ್ಟಿದಿರಿ ಅತ್ತೆ?”

“ಇನ್ನೆಲ್ಲಿ, ಕಟ್ಟೆ ಮ್ಯಾಲೆ. ಪಾತ್ರೆ ಇಡ್ಬ್ಯಾಡಿ ಅಂದ್ರಿ, ಇಡ್ಲಿಲ್ಲ. ಪಾತ್ರೆ ಕೆಳಗೇ ಇಟ್ಟು ಹಿಟ್ಟು ಮಾತ್ರ ಹಾಕ್ಕಂಡೆ.”

ಅಡುಗೆಮನೆಗೆ ಓಡಿದೆ. ಕನ್ನಡಿಯಂತೆ ಹೊಳೆಯುತ್ತಿದ್ದ ಕಲ್ಲಿನ ಮೇಲೆ, ಮುದ್ದೆ ಉರುಳಿದ ಜಾಗದಲ್ಲಿ ಮಾತ್ರ ದುಂಡನೆಯ ಮಂಕು ಗುರುತುಗಳಿದ್ದವು. ಅಲ್ಲಿದ್ದ ಹೊಳಪು ಎಲ್ಲಿಗೆ ಹೋಯಿತು ಎಂದು ಯೋಚಿಸುವ ಅಗತ್ಯವಿರಲಿಲ್ಲ.

“ಅಮ್ಮ, ಮುದ್ದೆ ಪೇಂಟ್ ಥರ ಇದೆ” ಎಂದಳು ಚಿನ್ನು. “ಅಗೀಬೇಡ, ಸುಮ್ನೆ ನುಂಗು ಅಂದ್ರು ಅಜ್ಜಿ.”

ತಟ್ಟೆ ಕಿತ್ತುಕೊಂಡೆ. ಹೇಗೆ ಹೇಳಿದೆನೋ ನೆನಪಿಲ್ಲ, ಕಲ್ಲಿನ ಮೇಲಿರುವುದು ವಿಷ ಎಂದು ಅತ್ತೆಗೆ ತಿಳಿಯಿತು. ಅವರು ಅಡುಗೆಮನೆಗೆ ಧಾವಿಸಿದರು. ನಾನು ಸುನೀಲ್ಕುಮಾರನಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ.

“ವಾಂತಿ ಮಾಡಿಸ್ಬೇಡಿ ಮೇಡಂ. ಶ್ವಾಸಕ್ಕೆ ಹೋದ್ರೆ ಕಷ್ಟ, ಡಬ್ಬದ ಮ್ಯಾಲೇ ಬರ್ದವ್ರೆ. ಡಬ್ಬ ತಗಂಡು ಈಗ್ಲೇ ಆಸ್ಪತ್ರೆಗೆ ಹೋಗಿ. ನಾನೂ ಬತ್ತೀನಿ.”

ತಿರುಗಿ ನೋಡಿದರೆ ಅತ್ತೆ ಉಪ್ಪುನೀರಿನ ಲೋಟವನ್ನು ಚಿನ್ನುವಿನ ತುಟಿಗೆ ಹಿಡಿದಿದ್ದರು. “ಕುಡಿ ಮಗಾ, ವಾಂತಿಯಾದ್ರೆ ಎಲ್ಲ ಹೋಯ್ತದೆ.” ನಾನು ಲೋಟವನ್ನು ತಳ್ಳಿದ ರಭಸಕ್ಕೆ ನೀರು ಮೂವರ ಮೇಲೂ ಚೆಲ್ಲಿತು.

“ಅವಳನ್ನು ಕೊಲ್ಲಬೇಕು ಅಂತಿದ್ದೀರಾ ನೀವು?”

ಅತ್ತೆ ಖಾಲಿ ಲೋಟ ಹಿಡಿದುಕೊಂಡು ನಿಂತರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ. ಗಂಡ ಮಹೇಂದ್ರ ಹೊಗೆಸೊಪ್ಪಿನ ಹರಾಜಿನಲ್ಲಿದ್ದರು, ಫೋನ್ ಎತ್ತಲಿಲ್ಲ. ಎದುರುಮನೆಯ ನಂಜಣ್ಣ ಆಟೋ ತಿರುಗಿಸಿ ನಿಲ್ಲಿಸಿದ. ಚಿನ್ನುವನ್ನು ಎತ್ತಿಕೊಂಡು ಕುಳಿತ ಮೇಲೂ ಅತ್ತೆ ಬರಲಿಲ್ಲ. ಎರಡು ಸಲ ಕೂಗಿದ ಮೇಲೆ ಸೆರಗಿನಿಂದ ಬಾಯಿ ಒರಸಿಕೊಳ್ಳುತ್ತ ಬಂದು ಹತ್ತಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಡಬ್ಬದ ಮೇಲಿನದನ್ನು ಓದಿದರು, ಯಾರಿಗೋ ಫೋನ್ ಮಾಡಿ ಮಾತಾಡಿದರು, ಚಿನ್ನುವಿನ ಎದೆಗೆ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು.

“ಒಳಗೆ ಹೋಗಿರೋದು ಕಡಿಮೆ. ಕೆಮ್ಮಿಲ್ಲ, ಉಸಿರು ಚೆನ್ನಾಗಿದೆ. ಸಂಜೆವರೆಗೆ ಇಲ್ಲೇ ಇರಲಿ, ನೋಡೋಣ. ಬೇರೆ ಯಾರಾದರೂ ತಿಂದಿದ್ದಾರಾ?”

“ಇಲ್ಲ” ಎಂದೆ.

ಬೆಂಚಿನ ಮೇಲೆ ಕುಳಿತಿದ್ದ ಅತ್ತೆ ಆಗ ಕೆಮ್ಮಿದರು. ಬಾಯಿಗೆ ಸೆರಗು ಒತ್ತಿ ಹಿಡಿದರೂ ಕೆಮ್ಮು ನಿಲ್ಲಲಿಲ್ಲ. ಬಳಿಗೆ ಹೋದೆ. ಅವರ ಉಸಿರಿನಲ್ಲಿ ಪೇಂಟಿನ ವಾಸನೆಯಿತ್ತು.

“ಅತ್ತೆ, ನೀವು ತಿಂದಿದ್ದೀರಾ?”

“ಚಿನ್ನು ತಟ್ಟೇಲಿ ಉಳ್ದಿದ್ದ ಮುದ್ದೆ ತಿಂದೆ.”

“ಯಾವಾಗ?”

“ನೀನು ಆಟೋ ಕರೀತಿದ್ದಾಗ.”

ತಿಳಿಯದೆ ತಿಂದದ್ದಲ್ಲ. ಎಲ್ಲ ತಿಳಿದ ಮೇಲೆ, ಅಡುಗೆಮನೆಯಲ್ಲಿ ಒಬ್ಬರೇ ನಿಂತು ನುಂಗಿದ್ದು.

“ಯಾಕೆ ಅತ್ತೆ?”

“ಕೊಲ್ತೀರಾ ಅಂದ್ಯಲ್ಲ. ಕಟ್ಟಿದ್ದು ನಾನು. ಮಗು ಒಂದೇ ಯಾಕ್ ತಿನ್ಬೇಕು?” ಮತ್ತೆ ಕೆಮ್ಮು ಬಂತು. “ಅದಕ್ಕೇನಾಯ್ತದೋ ನಂಗೂ ಆಗ್ಲಿ ಅಂತ.”

ಡಾಕ್ಟರು ಚಿನ್ನುವನ್ನು ಕುರ್ಚಿಗೆ ಕೂರಿಸಿ ಅತ್ತೆಯನ್ನು ಮಂಚಕ್ಕೆ ಮಲಗಿಸಿದರು. ಮೂಗಿಗೆ ಆಕ್ಸಿಜನ್ ಹಾಕಿ, ಕೆಮ್ಮು ಹೆಚ್ಚಾದರೆ ಮೈಸೂರಿಗೆ ಕಳಿಸಬೇಕಾಗುತ್ತದೆ ಎಂದರು. ಸುನೀಲ್ಕುಮಾರ್ ಹೆಲ್ಮೆಟ್ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟ, ಒಳಗೆ ಬರಲಿಲ್ಲ.

ಸಂಜೆಯ ಹೊತ್ತಿಗೆ ಕೆಮ್ಮು ಇಳಿಯಿತು. ಚಿನ್ನುವನ್ನು ಮನೆಗೆ ಕರೆದೊಯ್ಯಬಹುದು, ಅಜ್ಜಿ ಮಾತ್ರ ನಾಳೆಯವರೆಗೆ ಇರಲಿ ಎಂದರು ಡಾಕ್ಟರು. ಹರಾಜು ಮುಗಿಸಿ ಬಂದ ಮಹೇಂದ್ರ ಚಿನ್ನುವನ್ನು ಎತ್ತಿಕೊಂಡರು.

“ನೀನೂ ಹೋಗು” ಎಂದರು ಅತ್ತೆ. “ಒಲೆ ಹಿತ್ಲಲ್ಲೇ ಅದೆ. ನಾಯಿ ಬಂದು ಉರುಳಿಸ್ಬುಟ್ಟದು.”

“ಉರುಳಿಸಲಿ” ಎಂದೆ.

ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಅವರ ಉಸಿರನ್ನೇ ನೋಡುತ್ತ ಕುಳಿತೆ.