ನಲವತ್ತು ಕಾಣೆ, ಒಂದು ಗೇಟು

ಸಮುದ್ರದಿಂದ ನಮ್ಮ ಊರಿಗೆ ಎಷ್ಟು ದೂರ ಎಂಬುದನ್ನು ನನ್ನಷ್ಟು ಸರಿಯಾಗಿ ಅಳೆದವರು ಆಸ್ಟ್ರೇಲಿಯಾ ಖಂಡದಲ್ಲೇ ಇಲ್ಲ. ಭೂಪಟದಲ್ಲಿ ಒಂಬೈನೂರು ಕಿಲೋಮೀಟರ್ ಎಂದಿದೆ. ಅದನ್ನು ಬರೆದವನು ಡಾಂಬರು ಮುಗಿಯುವಲ್ಲಿಗೇ ಹಿಂದಿರುಗಿರಬೇಕು. ಕೊನೆಯ ಮುನ್ನೂರು ಕಿಲೋಮೀಟರ್ ಕೆಂಪು ಮಣ್ಣಿನ ರಸ್ತೆ. ಅದರ ಕುಲುಕಾಟಕ್ಕೆ ಪ್ರತಿ ವರ್ಷ ನಾನು ಎರಡಿಂಚು ಕುಳ್ಳಗಾಗುತ್ತೇನೆ. ಮದುವೆಯಾದಾಗ ನಾನು ಏಳಡಿ ಇದ್ದೆ. ನಂಬಿಕೆ ಬಾರದಿದ್ದರೆ ಈಗ ನನ್ನನ್ನು ನೋಡಿ, ಎಷ್ಟು ಸವೆದಿದ್ದೇನೆ.

ಆ ಜನವರಿಯಲ್ಲಿ ಹದಿನೈದು ದಿನ ಸಮುದ್ರದ ಬದಿಯಲ್ಲಿ ಕಳೆದು, ಮೈಯೆಲ್ಲ ಉಪ್ಪಾಗಿ, ಮನಸ್ಸೆಲ್ಲ ಹಗುರಾಗಿ, ನಾನೂ ನನ್ನ ಹೆಂಡತಿ ಮರ್ಲೀನಳೂ ಬೆಳಗಿನ ಜಾವಕ್ಕೆ ಊರಿನ ದಾರಿ ಹಿಡಿದೆವು. ಜೀಪಿನ ಹಿಂದೆ ಐಸ್ ಪೆಟ್ಟಿಗೆ. ಅದರೊಳಗೆ ಹಿಂದಿನ ಸಂಜೆ ನಾನೇ ಹಿಡಿದ ನಲವತ್ತು ಕಾಣೆ ಮೀನು.

"ಹದಿನೆಂಟು," ಎಂದಳು ಮರ್ಲೀನ್.

ನಾನಿನ್ನೂ ಬಾಯಿಬಿಟ್ಟು ಹೇಳಿರಲೇ ಇಲ್ಲ! ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದರೂ ಅವಳಿಗೆ ಕೇಳಿಸುತ್ತದೆ.

ಆ ಮೀನು ನನ್ನ ಮಾವ ಆರ್ಚಿಗೆ. ಅಂದು ಸಂಜೆಗೆ ಅವನಿಗೆ ಎಂಬತ್ತು ತುಂಬುತ್ತಿತ್ತು. ಮೂವತ್ತೊಂದು ವರ್ಷಗಳಿಂದ ಆ ಮುದುಕ ನನ್ನ ಒಂದೇ ಒಂದು ಮಾತನ್ನೂ ನಂಬಿದವನಲ್ಲ. ಮಳೆ ಬಂತು ಎಂದು ನಾನು ಹೇಳಿದರೆ ಹೊರಗೆ ಕೈ ಚಾಚಿ ನೋಡುತ್ತಾನೆ. ನಾವು ರಜೆಗೆ ಹೊರಡುವ ಹಿಂದಿನ ದಿನ ನಮ್ಮೂರಿನ ಇದ್ದೊಂದು ಬಾರಿನಲ್ಲಿ, ಇಡೀ ಊರು, ಅಂದರೆ ಹನ್ನೊಂದು ಜನ ಕೇಳುವಂತೆ ಹೇಳಿದ್ದ: "ಕೀತ್, ನೀನು ಸಮುದ್ರದ ಮೀನನ್ನ ತಾಜಾ ಇರೋ ಹಾಗೇ ಇಲ್ಲಿಗೆ ತಂದ್ರೆ, ಕುರ್ಚಿ ಹತ್ತಿ ಕೂಗ್ತೀನಿ, ನನ್ನ ಅಳಿಯ ಸುಳ್ಳ ಅಲ್ಲ ಅಂತ."

ಅಷ್ಟು ಸಾಕಾಗಿತ್ತು. ಆ ಒಂದು ಕೂಗಿಗಾಗಿ ನಾನು ಮೀನುಗಳನ್ನು ಹೊತ್ತು ನಡೆದೇ ಬರಲೂ ಸಿದ್ಧನಿದ್ದೆ.

ಡಾಂಬರು ಮುಗಿಯಿತು. ನಲವತ್ತೇಳು ಡಿಗ್ರಿ ಬಿಸಿಲು. ಹಲ್ಲಿಗಳು ನೆರಳಿಗಾಗಿ ನಮ್ಮ ಜೀಪಿನ ಹಿಂದೆ ಓಡಿ ಬರುತ್ತಿದ್ದವು. ಗಂಟೆಗೊಂದು ಲಾರಿ ಎದುರಾದರೆ ಹೆಚ್ಚು. ಎದುರಾದವನಿಗೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುವುದೇ ನಮಸ್ಕಾರ. ನಮ್ಮ ಕಡೆ ಎರಡು ಬೆರಳು ಎತ್ತುವವನು ಬಾಯಿಬಡುಕ. ನಾನು ಮೂರು ಎತ್ತುತ್ತೇನೆ.

ಮಧ್ಯಾಹ್ನ ಡಲ್ಸಿಯ ಜಮೀನು ಬಂತು. ಡಲ್ಸಿ ಎಪ್ಪತ್ತು ದಾಟಿದ ಹೆಂಗಸು, ಒಂದು ಜಿಲ್ಲೆಯಷ್ಟು ನೆಲದಲ್ಲಿ ಒಬ್ಬಳೇ ದನ ಸಾಕುತ್ತಾಳೆ. ರಸ್ತೆ ಅವಳ ಬೇಲಿಗಳನ್ನು ದಾಟಿಕೊಂಡೇ ಹೋಗುತ್ತದೆ. ಅಲ್ಲಿನ ಕಟ್ಟಳೆ ಒಂದೇ: ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು. ಹೆಂಡತಿಯನ್ನು ಮರೆತು ಬಂದರೂ ಯಾರೂ ಏನೂ ಅನ್ನುವುದಿಲ್ಲ. ಗೇಟು ತಪ್ಪಿದವನ ಜೊತೆ ಮಾತು ನಿಂತುಹೋಗುತ್ತದೆ.

ಮೊದಲ ಗೇಟು ತೆರೆದಿತ್ತು. ಮರ್ಲೀನ್ ಬಾಯಿ ತೆರೆದು ನಿದ್ದೆ ಹೋಗಿದ್ದಳು. ನಾನು ಗೇಟು ದಾಟಿ ನಿಲ್ಲಿಸಿ, ಇಳಿದು, ಐಸ್ ಪೆಟ್ಟಿಗೆಯ ಕರಗಿದ ನೀರು ಬಸಿದು, ನನ್ನ ಮೀನುಗಳ ಅಂದವನ್ನು ಒಂದೈದು ನಿಮಿಷ ನೋಡಿ ಕಣ್ತುಂಬಿಕೊಂಡು, ಮತ್ತೆ ಹೊರಟೆ.

ಅರವತ್ತು ಕಿಲೋಮೀಟರ್ ಆಚೆ ಎರಡನೇ ಗೇಟು, ಮುಚ್ಚಿತ್ತು. ಕುಲುಕಾಟ ನಿಂತದ್ದಕ್ಕೆ ಮರ್ಲೀನಳಿಗೆ ಎಚ್ಚರವಾಯಿತು.

"ಆಗ ಒಂದ್ಸಲ ಸರಪಳಿ ಸದ್ದು ಕೇಳಿಸ್ತಲ್ಲ, ಏನದು?"

"ಮೊದಲನೇ ಗೇಟು ಹಾಕಿದ್ದು."

"ಮುಚ್ಚಿತ್ತಾ ಅದು?"

ನಾನು ಉತ್ತರ ಕೊಡಲು ಬಾಯಿ ತೆರೆದೆ. ತೆರೆದದ್ದು ತೆರೆದೇ ಉಳಿಯಿತು. ನಲವತ್ತು ವರ್ಷ ಗೇಟು ಮುಚ್ಚಿದ ಕೈ, ತಲೆಯನ್ನು ಕೇಳದೆ ತಾನೇ ಸರಪಳಿ ಸಿಕ್ಕಿಸಿಬಿಟ್ಟಿತ್ತು.

"ನೀರಿನ ತೊಟ್ಟಿ ಆ ಗೇಟಿನ ಆಚೆ ಇದೆ," ಎಂದಳು ಮರ್ಲೀನ್. "ದನ ಎಲ್ಲ ಈ ಕಡೆ ಇವೆ."

"ಡಲ್ಸಿ ಬಂದು ನೋಡ್ತಾಳೆ ಬಿಡು."

"ಅವಳು ತೊಟ್ಟಿ ನೋಡೋಕೆ ಬರೋದು ಗುರುವಾರ. ಇವತ್ತು ಸೋಮವಾರ."

ಫೋನು ಹಿಡಿಯುವ ಜಾಗವಲ್ಲ. ನಾನು ಹಿಂದಿನ ಪೆಟ್ಟಿಗೆಯ ಕಡೆ ನೋಡಿದೆ. ಹೋಗಿ ಬರಲು ಎರಡೂವರೆ ಗಂಟೆ. ಐಸ್ ಉಳಿದಿದ್ದುದು ಮುಷ್ಟಿಯಷ್ಟು.

"ಮರ್ಲೀನ್, ನಿಮ್ಮಪ್ಪ ಕುರ್ಚಿ ಹತ್ತೋದು ಈ ಜನ್ಮದಲ್ಲಿ ಇನ್ನೊಂದ್ಸಲ ಬರಲ್ಲ."

"ತಿರುಗಿಸು ಮಾರಾಯ. ಆಗಲೇ ತಿರುಗಿಸಬೇಕು ಅಂತ ಇದ್ದೀಯ, ನನ್ನ ಬಾಯಿಂದ ಹೇಳಿಸ್ತಿದ್ದೀಯ ಅಷ್ಟೆ."

ಅದು ನಿಜವಾಗಿತ್ತು. ತಿರುಗಿಸಿದೆ.

ಗೇಟಿನ ಬಳಿ ಎಂಟು ಸಾವಿರ ದನ ಕಂಬಿಗೆ ಮೂತಿ ಒತ್ತಿ ನಿಂತಿದ್ದವು. ("ಎಂಬತ್ತು," ಎಂದಳು ಮರ್ಲೀನ್.) ಅವು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು, ಮಾತು ಬಿಟ್ಟವರ ಹಾಗೆ. ಸರಪಳಿ ತೆಗೆದದ್ದೇ ತಡ, ನನ್ನನ್ನು ಬೇಲಿಗೆ ಒತ್ತಿ ಪೂರಿಯ ಹಾಗೆ ಲಟ್ಟಿಸಿ, ತೊಟ್ಟಿಗೆ ನುಗ್ಗಿದವು. ಎದ್ದ ಧೂಳಿಗೆ ಸೂರ್ಯ ಹತ್ತು ನಿಮಿಷ ರಜೆ ಹಾಕಿದ. ಆಮೇಲೆ ಬರೀ ನೀರು ಹೀರುವ ಸದ್ದು. ಅದನ್ನು ಕೇಳುತ್ತ ಅಲ್ಲೇ ನಿಂತೆವು. ಬಲು ಹಿತವಾದ ಸದ್ದು ಅದು.

ಧೂಳು ಕಂಡು ಡಲ್ಸಿ ತನ್ನ ಹಳೇ ಪಿಕಪ್ಪಿನಲ್ಲಿ ಬಂದಳು. "ಏನೋ ಕೀತ್, ಇಲ್ಲೇನು ಮಾಡ್ತಿದ್ದೀಯ?"

"ಮನೆಗೆ ಹೋಗ್ತಾ ಇದ್ವಿ. ನಿನ್ನ ದನ ಎಷ್ಟು ಚೆನ್ನಾಗಿವೆ ಅಂತ ನೋಡ್ತಾ ನಿಂತೆ."

ಡಲ್ಸಿ ಜೀಪನ್ನು ನೋಡಿದಳು. "ಮೂತಿ ಸಮುದ್ರದ ಕಡೆ ಇದೆಯಲ್ಲೋ. ಹಿಂದು ಹಿಂದಕ್ಕೇ ಓಡಿಸ್ಕೊಂಡು ಹೋಗ್ತೀಯಾ ಮನೆಗೆ?"

ಮರ್ಲೀನ್ ಬಿದ್ದು ಬಿದ್ದು ನಕ್ಕಳು. ನಾನು ಟೋಪಿ ತೆಗೆದು ಎಲ್ಲ ಹೇಳಿದೆ. ಡಲ್ಸಿ ತೊಟ್ಟಿಯ ಕಡೆ ನೋಡಿ, "ಎಲ್ಲಿಂದ ತಿರುಗಿದೆ?" ಎಂದು ಕೇಳಿದಳು.

"ಎರಡನೇ ಗೇಟಿಂದ."

"ಸರಿ ಹಾಗಾದ್ರೆ. ಮಾತಾಡ್ತೀನಿ ನಿನ್ನ ಜೊತೆ."

ಪೆಟ್ಟಿಗೆಯ ಮುಚ್ಚಳ ತೆಗೆದೆವು. ಐಸ್ ಎಂಬುದು ಉಗುರುಬೆಚ್ಚಗಿನ ನೀರಾಗಿತ್ತು. ಮೀನು ಇನ್ನೂ ಚೆನ್ನಾಗಿದ್ದವು, ಆದರೆ ಇನ್ನು ಮೂರು ಗಂಟೆ ತಾಳುವ ಹಾಗಿರಲಿಲ್ಲ.

"ನಿನ್ನ ಮನೇಲಿ ಐಸ್ ಇದೆಯಾ ಡಲ್ಸಿ?"

"ಜನರೇಟರ್ ಕೆಟ್ಟು ಮೂರು ದಿನ ಆಯ್ತು. ಬೆಂಕಿ ಬೇಕಾದ್ರೆ ಇದೆ."

ಅವಳ ಪಿಕಪ್ಪಿನಲ್ಲಿ ಬಾಣಲೆಯೂ ಒಂದು ಡಬ್ಬಿ ಕೊಬ್ಬೂ ಸದಾ ಇರುತ್ತವೆ. ತೊಟ್ಟಿಯ ಪಕ್ಕ, ಗಾಳಿಯಂತ್ರದ ನೆರಳಿನಲ್ಲಿ, ಹದಿನೆಂಟನ್ನೂ ಕರಿದೆವು. ಡಲ್ಸಿ ಒಂಬತ್ತು ವರ್ಷಗಳಿಂದ ಸಮುದ್ರದ ಮೀನು ತಿಂದಿರಲಿಲ್ಲವಂತೆ. ಮೊದಲನೆಯದನ್ನು ಮಾತಿಲ್ಲದೆ ತಿಂದಳು, ಎರಡನೆಯದನ್ನೂ. ಮೂರನೆಯದರ ಮುಳ್ಳನ್ನು ನಾಯಿಗೂ ಕೊಡದೆ ಚೀಪಿದಳು. "ನಾಳೆಯೂ ಬಂದು ಒಂದು ಗೇಟು ಹಾಕಿ ಹೋಗೋ," ಎಂದಳು. ಉಳಿದ ಹತ್ತನ್ನು ಮರ್ಲೀನ್ ಹಳೇ ಪೇಪರಿನಲ್ಲಿ ಸುತ್ತಿಕೊಂಡಳು.

ಉಳಿದ ದಾರಿಯಲ್ಲಿ ನಾನು ಕೈಚೆಲ್ಲಿ ಕೂರಲಿಲ್ಲ. ಆರು ಕಥೆ ಕಟ್ಟಿದೆ. ಕಾಡು ಒಂಟೆಗಳ ಹಿಂಡು ನಮ್ಮನ್ನು ಅಡ್ಡಗಟ್ಟಿ ಮೀನು ಬೇಯಿಸಿ ಕೊಡಲು ಒತ್ತಾಯಿಸಿದ್ದು ಅವುಗಳಲ್ಲೆಲ್ಲ ಉತ್ತಮವಾಗಿತ್ತು.

ಎಂಟು ಗಂಟೆಗೆ, ಸೂರ್ಯ ಇನ್ನೂ ಬೇಲಿಯ ಮೇಲೆ ಕೂತಿದ್ದಾಗ, ಬಾರಿನ ಮುಂದೆ ಇಳಿದೆವು. ಹನ್ನೊಂದೂ ಜನ ಕಾಯುತ್ತಿದ್ದರು. ಆರ್ಚಿ ಹೊಸ ಅಂಗಿ ಹಾಕಿ ನಡುವೆ ಕೂತಿದ್ದ.

"ಎಲ್ಲಪ್ಪಾ ತಾಜಾ ಮೀನು?"

ಒಂಟೆಗಳು ನಾಲಿಗೆಯ ತುದಿಗೆ ಬಂದಿದ್ದವು. ಆದರೆ ಕಿವಿಯಲ್ಲಿ ಆ ನೀರು ಹೀರುವ ಸದ್ದು ಇನ್ನೂ ಇತ್ತು. ಅದೇಕೋ ಏನೋ, ನಡೆದದ್ದನ್ನು ನಡೆದ ಹಾಗೇ ಹೇಳಿಬಿಟ್ಟೆ.

ಎಲ್ಲರೂ ಗ್ಲಾಸು ಕೆಳಗಿಟ್ಟರು. ಗೇಟಿನ ವಿಷಯ, ನಗುವವರು ಯಾರು?

"ನೀನೇ ಹಾಕಿದ್ದಾ?" ಎಂದ ಆರ್ಚಿ.

"ನಾನೇ ಮಾವ."

"ಮರ್ಲೀನ್ ಅಲ್ಲ?"

"ಅವಳು ನಿದ್ದೆಯಲ್ಲಿದ್ದಳು."

ಆರ್ಚಿ ಉಳಿದವರ ಕಡೆ ತಿರುಗಿದ. "ಮೂವತ್ತೊಂದು ವರ್ಷದಲ್ಲಿ ಇವನು ದಡ್ಡನಾಗಿರೋ ಕಥೆ ಇವನ ಬಾಯಿಂದ ನಾನು ಕೇಳಿಲ್ಲ," ಎಂದ. "ಇದು ನಿಜವೇ ಇರಬೇಕು. ಕುರ್ಚಿ ತನ್ನಿ."

ಇಬ್ಬರು ಹಿಡಿದುಕೊಂಡರು. ಎಂಬತ್ತರ ಮುದುಕ ಕುರ್ಚಿ ಹತ್ತಿ, ಕೆಮ್ಮಿ, ಕೂಗಿದ: "ನನ್ನ ಅಳಿಯ ಸುಳ್ಳ ಅಲ್ಲ!"

ನನ್ನ ಎತ್ತರ ಏಳಡಿಗೆ ಮರಳಿತು. ಆರ್ಚಿ ಅಲ್ಲೇ ನಿಂತು, ಮರ್ಲೀನ್ ಬಿಚ್ಚಿಕೊಟ್ಟ ಪೇಪರಿನಿಂದ ಒಂದು ತಣ್ಣನೆಯ ಕಾಣೆ ಎತ್ತಿ ಕಚ್ಚಿದ. "ಉಪ್ಪು ಕಮ್ಮಿ," ಎಂದ, ಇನ್ನೊಂದಕ್ಕೆ ಕೈ ಹಾಕುತ್ತ.

"ಗೇಟಿನ ಹತ್ರ ಎಷ್ಟು ದನ ಇದ್ವು ಕೀತ್?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಎಂಟು ಸಾವಿರ," ಎಂದೆ.

ಆರ್ಚಿ ಬಾಯ್ತುಂಬ ಮೀನು ಇಟ್ಟುಕೊಂಡೇ ಕೈ ಚಾಚಿದ. "ಇಳಿಸ್ರೋ ನನ್ನ," ಎಂದ.