ಜಗ್ಗಿನ ತುಟಿ

ಅಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ನೀಲಿ ಪ್ಲಾಸ್ಟಿಕ್ ಜಗ್ ಇತ್ತು. ಅದನ್ನು ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹದಿನಾಲ್ಕು ವರ್ಷದಿಂದ ಗಾಜು ಊದಿ ಬದುಕುತ್ತಿರುವವಳು ನಾನು. ನನ್ನ ಹೂದಾನಿಗಳನ್ನು ಜನ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಳ್ಳುತ್ತಾರೆ. ಹೆತ್ತ ತಾಯಿ ಮಾತ್ರ ಪ್ಲಾಸ್ಟಿಕ್ಕಿನಿಂದ ನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದಳು.

ತಪ್ಪು ಅವಳದಲ್ಲ. ಬಲಗೈ ಸ್ವಾಧೀನ ತಪ್ಪಿದ ಮೇಲೆ ಅವಳು ಎಲ್ಲವನ್ನೂ ಎಡಗೈಯಲ್ಲೇ ಮಾಡಿಕೊಳ್ಳಬೇಕು, ಇನ್ನೊಬ್ಬರು ನೀರು ಕುಡಿಸಲು ಬಂದರೆ ಮುಖ ತಿರುಗಿಸುತ್ತಾಳೆ. ನಾನು ಮಾಡಿಕೊಟ್ಟ ಜಗ್ಗುಗಳು ಒಂದಲ್ಲ ಎರಡಲ್ಲ, ಆರು. ಆರೂ ಸೋರಿದವು. ಬಗ್ಗಿಸಿ ನಿಲ್ಲಿಸುತ್ತಲೇ ಕೊನೆಯ ಹನಿಗಳು ಜಗ್ಗಿನ ತುಟಿಯ ಕೆಳಗೆ ಜಾರಿ, ಅದರ ಹೊಟ್ಟೆಯ ಮೇಲೆ ಹರಿದು ಹೊದಿಕೆಯನ್ನು ಒದ್ದೆ ಮಾಡುತ್ತಿದ್ದವು.

"ಹೋಗ್ಲಿ ಬಿಡು, ನೋಡೋಕೆ ಚೆನ್ನಾಗಿದೆ," ಅನ್ನುತ್ತಿದ್ದಳು ಅಮ್ಮ. ಆ 'ನೋಡೋಕೆ' ಕೇಳಿದರೆ ಅಳು ಬರುತ್ತಿತ್ತು.

ಕಳೆದ ವಾರ ಸಿಟ್ಟಿನಲ್ಲಿ ಆ ನೀಲಿ ಜಗ್ಗನ್ನೇ ಎತ್ತಿಕೊಂಡು ತುಟಿಯ ಮೇಲೆ ಬೆರಳಾಡಿಸಿದೆ. ಅಂಚು ಒರಟು. ಅಚ್ಚಿನಿಂದ ಕಿತ್ತು ಹಾಗೇ ಬಿಟ್ಟಿದ್ದರು. ಆಗ ಹೊಳೆಯಿತು. ಚೂಪಾದ ಅಂಚಿನಲ್ಲಿ ನೀರು ಕತ್ತರಿಸಿದ ಹಾಗೆ ನಿಲ್ಲುತ್ತದೆ. ನನ್ನ ಜಗ್ಗುಗಳ ತುಟಿ ಬೆಣ್ಣೆಯಂತೆ ನುಣ್ಣಗೆ, ದುಂಡಗೆ, ನೀರು ಅದಕ್ಕೇ ಅಂಟಿಕೊಂಡು ಕೆಳಗಿಳಿಯುತ್ತದೆ. ಆ ನುಣುಪು ಬರುವುದು ಕೊನೆಯಲ್ಲಿ ಇನ್ನೊಮ್ಮೆ ಬೆಂಕಿಗೆ ಹಿಡಿಯುವುದರಿಂದ. ಜನ ನನ್ನನ್ನು ಹೊಗಳುವುದೂ ಆ ನುಣುಪಿಗೇ. ಹಾಳಾಗಿ ಹೋಗಲಿ.

"ಹಾಗಾದ್ರೆ ಕೊನೇ ಸಲ ಬೆಂಕಿಗೆ ಹಿಡೀಬೇಡ, ಅಷ್ಟೇ ತಾನೇ," ಅಂದ ಗಂಡ. ಕುಲುಮೆಯ ಮುಂದೆ ನನಗೆ ಜೊತೆ ಕೊಡುವವನು ಅವನೇ. ನಾನು ಊದುವಾಗ ಕೊಳವೆ ಹಿಡಿಯುತ್ತಾನೆ. ಮುಗಿದ ಪಾತ್ರೆಯನ್ನು ಅದು ಅಂಟಿಕೊಂಡಿರುವ ಕಬ್ಬಿಣದ ಸರಳಿನ ತುದಿಯಿಂದ ತಟ್ಟಿ ಬಿಡಿಸಿ, ನಿಧಾನವಾಗಿ ಆರಿಸುವ ಒಲೆಯಲ್ಲಿಡುತ್ತಾನೆ.

ಹೇಳುವುದಕ್ಕೇನು, ಸುಲಭ. ಊದಿದೆ, ಹಿಡಿ ಅಂಟಿಸಿದೆ, ಬಾಯಿ ಕತ್ತರಿಸಿ ತುಟಿ ಎಳೆದೆ. ಅಂಚು ಬೇಕಾದ ಹಾಗೆ ಬಂದಿತ್ತು.

"ಸಾಕು," ಅಂದ ಅವನು.

ನನಗೂ ಗೊತ್ತಿತ್ತು. ಆದರೂ ನನ್ನ ಕೈ ಸರಳನ್ನು ಬೆಂಕಿಯೊಳಗೆ ನೂಕಿಯೇಬಿಟ್ಟಿತು. ಹೊರಗೆಳೆದಾಗ ತುಟಿ ದುಂಡಗಾಗಿತ್ತು. ಎರಡನೆಯ ಜಗ್ಗಿಗೂ ಅದೇ ಗತಿ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕೆಲಸ ಕಲಿಯಲು ಹದಿನಾಲ್ಕು ವರ್ಷ ತೆತ್ತಿದ್ದೆ, ಒಂದು ಕಡೆ ನಿಲ್ಲಿಸುವುದನ್ನು ಮಾತ್ರ ಕಲಿತಿರಲಿಲ್ಲ.

ಮೂರನೆಯದರ ತುಟಿ ಎಳೆದು ನಾನು ಎದ್ದು ನಿಲ್ಲುವಷ್ಟರಲ್ಲಿ ಅವನು ಅಡ್ಡ ಬಂದು, ಕೈಯಲ್ಲಿದ್ದ ಸರಳನ್ನು ಕಸಿದುಕೊಂಡು, ಟಪ್ಪನೆ ತಟ್ಟಿ ಜಗ್ಗನ್ನು ಬಿಡಿಸಿ ಒಲೆಯೊಳಗಿಟ್ಟು ಬಾಗಿಲು ಹಾಕಿದ.

"ನನ್ನ ಕೆಲಸಕ್ಕೆ ಕೈ ಹಾಕೋಕೆ ನೀನ್ಯಾರು?"

"ಬೈಕೋ. ನಾಳೆವರೆಗೂ ಬಾಗಿಲು ತೆಗೆಯಲ್ಲ."



ಮರುದಿನ ಆ ಜಗ್ಗನ್ನು ತುಂಬಿಸಿ ಅಮ್ಮನ ಸ್ಟೂಲಿನ ಮೇಲಿಟ್ಟೆ. ಒರೆಸಲು ಹೆಗಲ ಮೇಲೆ ಟವೆಲ್ ಕೂಡ ಹಾಕಿಕೊಂಡಿದ್ದೆ. ಅಮ್ಮ ಎಡಗೈಯಲ್ಲಿ ಎತ್ತಿ ಲೋಟಕ್ಕೆ ಬಗ್ಗಿಸಿ ನಿಲ್ಲಿಸಿದಳು. ನೀರು ಕತ್ತರಿಸಿದ ಹಾಗೆ ನಿಂತಿತು. ಹೊದಿಕೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಅವಳು ಪೂರ್ತಿ ಲೋಟ ಕುಡಿದಳು. ನಾನು ಹೆಗಲ ಮೇಲಿನ ಟವೆಲ್ ತೆಗೆದು ಮಡಿಸಿದೆ.

ಆಮೇಲೆ ಅವಳು ಜಗ್ಗಿನ ತುಟಿಯ ಮೇಲೆ ಬೆರಳಾಡಿಸಿ ನಕ್ಕಳು.

"ಅಳಿಯ ಮಾಡಿದ್ದಾ? ಪರವಾಗಿಲ್ವೇ, ಕೆಲಸ ಕಲಿತುಬಿಟ್ಟಿದ್ದಾನೆ. ಸ್ವಲ್ಪ ಒರಟು, ಅಷ್ಟೇ. ನಿನ್ನ ಕೈಯಾಗಿದ್ರೆ ನನಗೆ ಮುಟ್ಟಿದ ಕೂಡಲೇ ಗೊತ್ತಾಗ್ತಿತ್ತು."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಯಾರ ಸಹಾಯವೂ ಇಲ್ಲದೆ ಎರಡನೆಯ ಲೋಟ ಬಗ್ಗಿಸಿಕೊಳ್ಳುತ್ತಿದ್ದಳು.

"ಹೌದಮ್ಮ, ಅವನದೇ," ಅಂದೆ. ನೀಲಿ ಜಗ್ಗನ್ನು ಎತ್ತಿಕೊಂಡು ಹೊರಗೆ ಬಂದೆ.