ಬೆನ್ನ ಮೇಲಿನ ನೀರು

ಆ ಮನೆಯಲ್ಲಿ ಅಪ್ಪನ ಇಡೀ ದಿನ ಒಂದು ಗಾಜಿನ ಜಗ್ಗಿನೊಳಗೆ ಇರುತ್ತಿತ್ತು. ಬೆಳಗ್ಗೆ ಎದ್ದವಳೇ ಅಮ್ಮ ಡಾಕ್ಟರು ಹೇಳಿದಷ್ಟು ನೀರು ಅಳೆದು ತುಂಬಿ ಅಡುಗೆಮನೆಯ ಕಿಟಕಿಯಲ್ಲಿ ಇಡುತ್ತಿದ್ದಳು. ಮಾತ್ರೆ ನುಂಗಲು ಅದೇ ನೀರು, ಟೀಗೂ ಅದೇ. ಅಪ್ಪ ಕಿತ್ತಳೆ ಹಣ್ಣಿನ ಎರಡು ತೊಳೆ ತಿಂದರೂ ಸಾಕು, ಆ ರಸದಷ್ಟು ನೀರನ್ನು ಜಗ್ಗಿನಿಂದ ತೆಗೆದು ಕುಂಡದಲ್ಲಿದ್ದ ಗಿಡಕ್ಕೆ ಸುರಿಯುತ್ತಿದ್ದಳು. ಗಿಡ ಮಾತ್ರ ಕಣ್ಣಿಗೆ ಹೊಡೆಯುವಷ್ಟು ಹಸಿರಾಗಿತ್ತು.

"ಮುಂದಿನ ಜನ್ಮದಲ್ಲಿ ಈ ಕುಂಡದಲ್ಲಿ ಹುಟ್ತೀನಿ ಕಣೇ" ಅನ್ನುತ್ತಿದ್ದ ಅಪ್ಪ.

"ಹುಟ್ಟಿ, ಆಗ ನಾನು ಅಳತೆ ನೋಡ್ದೆ ಹಾಕ್ತೀನಿ. ಈಗ ಸುಮ್ನಿರಿ" ಅನ್ನುತ್ತಿದ್ದಳು ಅಮ್ಮ.

ಅಪ್ಪನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಒಳಗೆ ಹೋದ ನೀರು ಹೊರಗೆ ಬರಲು ಆಸ್ಪತ್ರೆಯ ಯಂತ್ರವೊಂದೇ ದಾರಿ. ಯಂತ್ರದ ಸರದಿ ಬರುವ ಮುಂಚೆ ನೀರು ಹೆಚ್ಚಾದರೆ ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಎದೆಗೆ ಏರುತ್ತದೆ. ಒಮ್ಮೆ ಏರಿತ್ತು. ಅವತ್ತು ಮಂಚದ ಅಂಚಿನಲ್ಲಿ ಕೂತ ಅಪ್ಪ, ಒಣಗಿದ ಕೋಣೆಯಲ್ಲಿ ಮುಳುಗುತ್ತಿರುವವನ ಹಾಗೆ ಉಸಿರಿಗಾಗಿ ಬಾಯಿ ಬಿಡುತ್ತಿದ್ದುದನ್ನು ಮಗಳು ನೋಡಿದ್ದಳು. ಅಂದಿನಿಂದ ಅಪ್ಪ ಲೋಟ ಮುಟ್ಟಿದರೆ ಅವಳು ಗುಟುಕು ಎಣಿಸುತ್ತಿದ್ದಳು.

ಮಗಳದು ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಕೂತು ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಜೊತೆಯವರು ಭಾನುವಾರ ಬೆಟ್ಟ ಹತ್ತುತ್ತೇವೆ, ನೀನೂ ಬಾ ಎಂದಾಗ ಅವಳು ಹೂಂ ಎಂದಳು. ಅದನ್ನು ಮನೆಯಲ್ಲಿ ಹೇಳಿದ್ದೇ ತಡ, ಅಪ್ಪನ ಮುಖ ದೀಪ ಹಚ್ಚಿದಂತೆ ಬೆಳಗಿತು. ಅಪ್ಪ ವಿದ್ಯುತ್ ತಂತಿಗಳ ಕಾವಲಿಗೆ ಬೆಟ್ಟ ಬೆಟ್ಟ ಅಲೆದವನು. ಬೀದಿಯವರಿಗೆಲ್ಲ ಅವನು ಕಂಬದಣ್ಣ. ಆ ಬೆಟ್ಟದ ಏರು, ತಿರುವು ಅವನಿಗೆ ಅಂಗೈ ಗೆರೆಯಷ್ಟು ಪರಿಚಯ.

"ಮೇಲೆ ಹನಿ ನೀರಿಲ್ಲ ಮರಿ. ಬಾಟ್ಲಿ ನಂಬ್ಕೊಂಡು ಹೋಗ್ಬೇಡ. ಬಾಟ್ಲಿ ತೆಗೀಬೇಕು ಅಂದ್ರೆ ನಿಲ್ಲಬೇಕು, ಚೀಲ ಇಳಿಸ್ಬೇಕು. ಬೇಜಾರಾಗಿ, ಇನ್ನೊಂದು ತಿರುವು ದಾಟಿ ಕುಡಿಯೋಣ ಅಂತೀವಿ. ಹಂಗಂದವರೇ ಬೀಳೋದು. ಬೆನ್ನಿಗೆ ಹಾಕ್ಕೊಳೋ ನೀರಿನ ಚೀಲ ಬರುತ್ತಲ್ಲ, ಪೈಪಲ್ಲಿ ಕುಡಿಯೋದು, ಅದೇ ತಗೋ. ನಾನೇ ಬಂದು ಆರಿಸಿ ಕೊಡ್ತೀನಿ."

ಅಂಗಡಿಗೆ ಹೋಗುವ ಬಸ್ಸಿನಲ್ಲಿ ಅಪ್ಪ ಒಂದು ಷರತ್ತು ಹಾಕಿದ. "ಅಲ್ಲಿ ನನ್ನ ಕಾಯಿಲೆ ಪುರಾಣ ಬಿಚ್ಚಬಾರದು. ಇವತ್ತೊಂದು ದಿನ ಗಿರಾಕಿ ಆಗಿರ್ತೀನಿ. ಪೇಷಂಟ್ ಆಗಿ ಆಗಿ ಸಾಕಾಗಿದೆ."

ಅವಳು ಮಾತು ಕೊಟ್ಟಳು. ಕೊಡದೆ ಏನು ಮಾಡುತ್ತಾಳೆ?

ಅಂಗಡಿಯ ತುಂಬ ಹಗ್ಗ, ಬೂಟು, ಮಡಿಸಿದ ಗುಡಾರಗಳು. ಅಂಗಡಿಯವನು ಮಾತಿನ ಮಲ್ಲ. ಮೇಜಿನ ಮೇಲೆ ನೀರಿನ ಚೀಲಗಳನ್ನು ಹರಡಿ, "ಮೇಡಮ್ಮಿಗೆ ಒಂದೂವರೆ ಲೀಟರು ಧಾರಾಳ ಸಾಕು" ಎಂದ.

"ಮೂರು" ಎಂದ ಅಪ್ಪ.

"ಭಾರ ಆಗುತ್ತೆ ಸರ್."

"ಭಾರ ಇಳೀತಾ ಹೋಗುತ್ತಪ್ಪ. ಹೊರೆಯಲ್ಲಿ ನೀರೊಂದೇ ನೋಡು, ಕುಡಿದಷ್ಟೂ ಹಗುರ ಆಗೋದು."

"ವಾಹ್! ಸರ್‌ಗೆ ಅನುಭವ ಜೋರಾಗಿದೆ."

"ಅನುಭವ ಉಳೀತು, ಕೂದಲು ಹೋಯ್ತು."

ಇಬ್ಬರೂ ನಕ್ಕರು. ಮಗಳು ಅಪ್ಪನ ಬೂಟು ನೋಡಿದಳು. ಲೇಸು ಕಟ್ಟಿರಲಿಲ್ಲ. ಊದಿದ ಪಾದಕ್ಕೆ ಈಚೆಗೆ ಲೇಸು ಸಾಲುತ್ತಿರಲಿಲ್ಲ.

ಅಪ್ಪ ಒಂದೊಂದೇ ಚೀಲದ ಬಾಯಿಗೆ ಕೈ ತೂರಿಸಿ ನೋಡಿದ. ಕೈ ಹೋಗದ್ದನ್ನು ಪಕ್ಕಕ್ಕೆ ತಳ್ಳಿದ. ಕೈ ಹೋಗದಿದ್ದರೆ ಉಜ್ಜಲಾಗುವುದಿಲ್ಲ, ಪಾಚಿ ಕಟ್ಟುತ್ತದೆ. ಪೈಪು ಗಿಡ್ಡವಿದ್ದುದನ್ನೂ ತಳ್ಳಿದ. ಕೊನೆಗೆ ಮೂರು ಉಳಿದವು.

"ಇನ್ನು ವಾಸನೆ ಒಂದು ನೋಡ್ಬಿಡಿ ಸರ್. ಕೆಲವು ಪ್ಲಾಸ್ಟಿಕ್ ನಾರುತ್ತೆ. ಕುಡಿದೇ ನೋಡ್ಬೇಕು" ಎಂದ ಅಂಗಡಿಯವನು, ನೀರು ತುಂಬಿಸಿಟ್ಟಿದ್ದ ಮಾದರಿ ಚೀಲಗಳನ್ನು ತಂದ. ಪೈಪಿನ ತುದಿಯ ರಬ್ಬರು ಮೂತಿ ಬದಲಾಯಿಸಿ, "ಇಲ್ಲಿ ನೋಡಿ, ಈ ಗುಂಡಿ ಅಡ್ಡ ತಿರುಗಿಸಿದ್ರೆ ಬಂದ್, ನೇರ ಮಾಡಿದ್ರೆ ನೀರು ಬರುತ್ತೆ. ಕಚ್ಚಿ ಎಳೀರಿ" ಎಂದು ಅಪ್ಪನ ಕೈಗಿತ್ತ.

"ಕೊಡಪ್ಪ, ನಾನು ನೋಡ್ತೀನಿ. ಕುಡಿಯೋಳು ನಾನಲ್ವಾ?"

"ನಿನಗೇನು ತಿಳಿಯುತ್ತೆ? ಬೇಕಾದಾಗ ಬೇಕಾದಷ್ಟು ಕುಡಿಯೋ ನಾಲಗೆ ನಿಂದು."

ಅಂಗಡಿಯವನು ಇದನ್ನು ಜೋಕೆಂದು ತಿಳಿದು ನಕ್ಕ. ಅಪ್ಪ ಗುಂಡಿ ನೇರ ಮಾಡಿ ಎಳೆದ. "ಇದು ಟೈರು." ಎರಡನೆಯದನ್ನು ಎಳೆದ. "ಇದು ಆಸ್ಪತ್ರೆ." ಮೂರನೆಯದನ್ನು ಕಚ್ಚಿದವನು ಕಣ್ಣು ಮುಚ್ಚಿದ. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು. ಮತ್ತೆ ಹೋಯಿತು. ಮತ್ತೆ ಬಂತು.

ಅವಳು ಕೆಮ್ಮಿದಳು. ಅಪ್ಪನ ಕಾಲನ್ನು ಮೆಲ್ಲಗೆ ತುಳಿದಳು. ಯಂತ್ರದ ಸರದಿ ಇರುವುದು ನಾಳಿದ್ದು. ಬಾಯಿ ಬಿಟ್ಟರೆ ಅಪ್ಪ ಈ ಹಗ್ಗ, ಗುಡಾರಗಳ ನಡುವೆ ಪೇಷಂಟ್ ಆಗಿಬಿಡುತ್ತಾನೆ. ಬಿಡದಿದ್ದರೆ ಒಂದೊಂದು ಗುಟುಕೂ ಅವನ ಎದೆಯ ಕಡೆ ಹೊರಟಿದೆ.

"ಇದು ನೀರು" ಎಂದ ಅಪ್ಪ, ಕೊನೆಗೂ ಕಣ್ಣು ಬಿಟ್ಟು.

"ಇನ್ನೊಂದು ಸಲ ಎಳೀರಿ ಸರ್, ಬಿಟ್ಟಿ ನೀರು! ಇದ್ರಲ್ಲಿ ಒಂದೇ ದೋಷ. ಬೆನ್ನ ಮೇಲಿರುತ್ತಲ್ಲ, ಎಷ್ಟು ಕುಡಿದ್ವಿ ಅಂತ ಗೊತ್ತಾಗಲ್ಲ."

"ಅದು ದೋಷ ಅಲ್ಲಪ್ಪ" ಎಂದ ಅಪ್ಪ. "ಲೆಕ್ಕ ಕೇಳದೆ ನೀರು ಕೊಡೋದು ಇದೊಂದೇ."

ಅದನ್ನೇ ಕೊಂಡು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಕೇಳಿದ್ದು ಗಂಡನನ್ನಲ್ಲ, ಮಗಳನ್ನು.

"ಹೊರಗಡೆ ಏನಾದ್ರೂ ಕುಡಿದ್ರಾ?"

ಅಪ್ಪ ಬಗ್ಗಿ ಬೂಟು ಬಿಚ್ಚುತ್ತಲೇ ಇದ್ದ. ಕಟ್ಟದ ಲೇಸನ್ನು ಬಿಚ್ಚಲು ಅಷ್ಟು ಹೊತ್ತು ಬೇಕೇ?

"ಸ್ವಲ್ಪ. ರುಚಿ ನೋಡೋಕೆ."

"ಸ್ವಲ್ಪ ಅಂದ್ರೆ ಎಷ್ಟೇ?"

ಮಗಳು ಅಡುಗೆಮನೆಗೆ ಹೋಗಿ ಇಲ್ಲಿಯವರೆಗೆ ಖಾಲಿ ಎಂಬಂತೆ ಜಗ್ಗಿನ ಮೇಲೆ ಬೆರಳಿಟ್ಟು ತೋರಿಸಿದಳು. ಬೆರಳನ್ನು ನಿಜಕ್ಕಿಂತ ಸ್ವಲ್ಪ ಮೇಲೆಯೇ ಇಟ್ಟಿದ್ದಳು. ಅಮ್ಮ ಹೆತ್ತವಳು, ಬೆರಳಿಗಿಂತ ಸ್ವಲ್ಪ ಕೆಳಗಿನವರೆಗೂ ನೀರು ತೆಗೆದು ಗಿಡಕ್ಕೆ ಸುರಿದಳು. ಜಗ್ಗಿನ ತಳದಲ್ಲಿ ರಾತ್ರಿಯ ಮಾತ್ರೆಗೆ ಆಗುವಷ್ಟು ಉಳಿಯಿತು. ಸಂಜೆಯ ಟೀ ಗಿಡದ ಪಾಲಾಯಿತು.

"ಸಾಕ್ಷಿ ಹೇಳಿ ಆಯ್ತಾ?" ಎಂದ ಅಪ್ಪ, ಬಾಗಿಲಿಗೆ ಒರಗಿ. ನಗುತ್ತಿದ್ದ. ತುಟಿ ಒಡೆದಿತ್ತು.

ಆಮೇಲೆ ಅವನಿಗೆ ಹೊಸ ಹಟ ಹಿಡಿಯಿತು. ಚೀಲ ಸೋರುತ್ತದೋ ನೋಡಬೇಕು, ಪಟ್ಟಿ ಸರಿ ಮಾಡಬೇಕು, ಹೊತ್ತು ನಡೆದೇ ನೋಡಬೇಕು. ನಲ್ಲಿಯ ಕೆಳಗೆ ಹಿಡಿದು ಮೂರೂ ಲೀಟರು ತುಂಬಿದ. ಚೀಲ ಉಬ್ಬಿ ಕರುವಿನ ಹೊಟ್ಟೆಯಂತಾಯಿತು. ಅದನ್ನು ಅವಳ ಬೆನ್ನುಚೀಲದಲ್ಲಿಟ್ಟು ತಾನೇ ಹೆಗಲಿಗೇರಿಸಿದ.

"ಬೀದಿ ಕೊನೆ ಮೆಟ್ಟಿಲವರೆಗೆ ಹೋಗಿ ಬರ್ತೀನಿ."

"ರೀ, ಭಾರ ಹೊರಬಾರದು ಅಂದಿದಾರೆ."

"ಎಲ್ಲಾನೂ ಬಾರದು ಅಂದಿದಾರೆ ಕಣೇ. ಇದೊಂದು ಬರಲಿ ಬಿಡು."

ಅಮ್ಮ ಮಗಳ ಕಡೆ ನೋಡಿದಳು. ಜೊತೆಗೆ ಹೋಗು ಎಂದಿತು ಕಣ್ಣು. ಹೆಗಲ ಪಟ್ಟಿ ಸರಿಮಾಡುವ ನೆಪದಲ್ಲಿ ಮಗಳು ಪೈಪಿನ ತುದಿಯ ಗುಂಡಿಯನ್ನು ಅಡ್ಡ ತಿರುಗಿಸಿಬಿಟ್ಟಳು. ಕಳ್ಳತನ ಮಾಡಿದವಳಂತೆ ಕಿವಿ ಬಿಸಿಯಾಯಿತು.

ಅಪ್ಪ ಮುಂದೆ, ಅವಳು ಹಿಂದೆ. ಎರಡು ಮನೆ ದಾಟುವಷ್ಟರಲ್ಲಿ ಅವನು ಪೈಪನ್ನು ಬಾಯಿಗಿಟ್ಟ. ಪಕ್ಕಕ್ಕೆ ಸರಿದ ಅವಳಿಗೆ ಅವನ ಕೆನ್ನೆ ಒಳಗೆ ಹೋದದ್ದು ಕಂಡಿತು. ಬಿಟ್ಟ. ಮತ್ತೆ ಎಳೆದ. ಕೆನ್ನೆ ಇನ್ನೂ ಆಳಕ್ಕೆ ಹೋಯಿತು. ಕೈ ಮೇಲೆ ಬಂತು, ರಬ್ಬರು ಮೂತಿಯನ್ನು ತಡವಿತು, ಗುಂಡಿಯ ಮೇಲೆ ನಿಂತಿತು.

ಅವಳು ನಡಿಗೆ ಮರೆತಳು. ಈಗ ತಿರುಗುತ್ತಾನೆ, ಬೈಯುತ್ತಾನೆ. ಬೈಯಲಿ. ಅಥವಾ ಗುಂಡಿ ನೇರ ಮಾಡಿ ಕುಡಿದೇಬಿಡುತ್ತಾನೆ. ಆಗ ಓಡಿಹೋಗಿ ಕಿತ್ತುಕೊಳ್ಳಬೇಕೆ, ಈ ಬೀದಿಯಲ್ಲಿ, ಎಲ್ಲರ ಎದುರು, ಹೆತ್ತ ಅಪ್ಪನ ಬಾಯಿಂದ?

ಕೈ ಕೆಳಗಿಳಿಯಿತು. ಗುಂಡಿ ಅಡ್ಡವಾಗಿಯೇ ಇತ್ತು. ಅಪ್ಪ ಒಣ ಪೈಪನ್ನು ಕಚ್ಚಿಕೊಂಡೇ ನಡೆದ. ಎದುರಿಗೆ ಬಂದ ದರ್ಜಿ, "ಏನ್ ಕಂಬದಣ್ಣ, ಮತ್ತೆ ಬೆಟ್ಟಕ್ಕಾ?" ಎಂದಾಗ ಕೈಯೆತ್ತಿ ಹೌದೆಂದ. ಮೆಟ್ಟಿಲ ಮೇಲೆ ಕೂತು, ಏದುಸಿರು ಇಳಿಸಿಕೊಂಡು, ತಣ್ಣಗೆ ಕುಡಿದವನಂತೆ ಮುಂಗೈಯಿಂದ ಬಾಯಿ ಒರೆಸಿಕೊಂಡ.

"ಹೇಗಿದೆಯಪ್ಪ?"

"ಸಲೀಸಾಗಿ ಬರುತ್ತೆ. ವಾಸನೆಯೇ ಇಲ್ಲ."

ಅವಳು ಪಕ್ಕದಲ್ಲಿ ಕೂತಳು. ತಪ್ಪಾಯಿತು ಎನ್ನಲೇ? ಎಂದಮೇಲೆ ಏನು? ಗುಂಡಿ ತಿರುಗಿಸಿ ಕೊಡಲಾದೀತೇ?

ಅಪ್ಪ ಚೀಲ ಇಳಿಸಿ ಅವಳ ಹೆಗಲಿಗೆ ಹಾಕಿದ. ಪಟ್ಟಿ ಎಳೆದು ಕಟ್ಟಿದ. ಪೈಪನ್ನು ಅವಳ ಬಾಯಿಯ ಹತ್ತಿರ ತಂದು, ಗುಂಡಿಯನ್ನು ಹೆಬ್ಬೆರಳಿನಿಂದ ನೇರ ಮಾಡಿದ.

"ಮೇಲೆ ಹೋದಾಗ ಇದನ್ನ ಮರೀಬೇಡ. ಎಲ್ಲಿ, ಕುಡಿ ನೋಡೋಣ."

"ನನಗೆ ಬಾಯಾರಿಕೆ ಇಲ್ಲಪ್ಪ."

"ಬಾಯಾರೋಕೆ ಮುಂಚೆ ಕುಡೀಬೇಕು. ಕುಡಿ."

ಅವಳು ಕಚ್ಚಿ ಎಳೆದಳು. ತಣ್ಣನೆಯ ನೀರು ಬಾಯಿ ತುಂಬಿತು. ಅಪ್ಪ ಅವಳ ಗಂಟಲನ್ನೇ ನೋಡುತ್ತಿದ್ದ.

"ನಾಚ್ಕೋಬೇಡ, ಸರಿಯಾಗಿ ಎಳಿ" ಎಂದ. "ಇನ್ನೊಂದು ಗುಟುಕು."

ಅವಳು ನುಂಗಿದಳು. ಅವಳ ಜೊತೆ ಅವನ ಗಂಟಲ ಗಂಟೂ ಮೇಲೆ ಹೋಗಿ ಕೆಳಗೆ ಬಂತು.